ಅಕ್ಕನ ಕಂಪನಿಗೆ ದೇಶ ಹುಡುಕಿದ್ದು

ನಮ್ಮಕ್ಕ ನೆಟ್ಟಗಿಲ್ಲದ ಮೈಗಳಿಗೆ ಬಟ್ಟೆ ಹೊಲಿಯುವವಳು. ಒಂದು ಭುಜ ಇಳಿದವರು, ಬೆನ್ನು ಬಾಗಿದವರು, ಒಂದು ತೋಳು ಗಿಡ್ಡವಿರುವವರು, ಬೇರೆ ದರ್ಜಿಗಳ ಕೈಯಲ್ಲಿ ಬಟ್ಟೆ ಕೆಡಿಸಿಕೊಂಡು ಕೊನೆಗೆ ಅವಳ ಬಾಗಿಲಿಗೆ ಬರುತ್ತಾರೆ. ಟೇಪು ಹಿಡಿಯುವ ಮುಂಚೆ ಅವಳು ಅವರನ್ನು ಕೋಣೆಯ ಆ ಗೋಡೆಯಿಂದ ಈ ಗೋಡೆಗೆ ನಾಲ್ಕು ಸಲ ನಡೆಸುತ್ತಾಳೆ. "ನಿಂತಾಗ ಎಲ್ರೂ ನೆಟ್ಟಗೇ ಇರ್ತಾರೆ ಕಣೋ. ನಡೆಯೋವಾಗ ನೋಡ್ಬೇಕು" ಅನ್ನುತ್ತಾಳೆ. ಆಮೇಲೆ ಕಂದು ಕಾಗದದ ಮೇಲೆ ಅಳತೆ ಬರೆದು ಕತ್ತರಿಸುತ್ತಾಳೆ. ಹದಿನೆಂಟು ವರ್ಷಗಳ ಅಂಥ ಕಾಗದಗಳು ಅಟ್ಟದಲ್ಲಿ ಸುರುಳಿ ಸುತ್ತಿಕೊಂಡು ಬಿದ್ದಿದ್ದವು.

ಹೊಲಿಗೆ ಕಲಿಯಲು ಬರುತ್ತಿದ್ದ ಹುಡುಗಿಯೊಬ್ಬಳು ಅವುಗಳಲ್ಲಿ ಕೆಲವನ್ನು ಕಂಪ್ಯೂಟರಿಗೆ ಹಾಕಿ, ಇಂಥ ಹೊಲಿಗೆ ನಕ್ಷೆಗಳನ್ನೇ ಮಾರುವ ಒಂದು ಜಾಲತಾಣದಲ್ಲಿ ಇಟ್ಟಳು. ಎಲ್ಲೆಲ್ಲಿಯವರೋ ಕೊಂಡರು, ಮನೆಯಲ್ಲೇ ಮುದ್ರಿಸಿಕೊಂಡು ಹೊಲಿದರು. ಯಾವುದೋ ದೇಶದ ಹೆಂಗಸೊಬ್ಬಳು, "ನಲವತ್ತು ವರ್ಷದಲ್ಲಿ ಮೊದಲ ಸಲ ನನ್ನ ಕಾಲರು ನೆಟ್ಟಗೆ ಕೂತಿದೆ" ಎಂದು ಬರೆದಳು. ಅಕ್ಕ ಆ ಕಾಗದವನ್ನು ಹೊಲಿಗೆ ಯಂತ್ರದ ಎದುರಿನ ಗೋಡೆಗೆ ಅಂಟಿಸಿಕೊಂಡಳು.

ಅಷ್ಟರಲ್ಲಿ ಜಾಲತಾಣದವರ ಪತ್ರ ಬಂತು. ನಿಮ್ಮ ದೇಶದವರಿಗೆ ನೇರವಾಗಿ ಹಣ ಕಳಿಸಲು ನಮಗೆ ಆಗದು; ನಮ್ಮ ಪಟ್ಟಿಯಲ್ಲಿರುವ ಯಾವುದಾದರೂ ದೇಶದಲ್ಲಿ ಕಂಪನಿ ನೋಂದಾಯಿಸಿ; ಇದ್ದಲ್ಲೇ ಇದ್ದು ಅನಿವಾಸಿ ಮಾಲೀಕರಾಗಬಹುದು; ಮೂರು ತಿಂಗಳೊಳಗೆ ಆಗದಿದ್ದರೆ ನಿಮ್ಮ ಅಂಗಡಿ ತೆಗೆದುಹಾಕುತ್ತೇವೆ.

ಭಾವ ಕೂಡಲೇ ಆ ಪತ್ರವನ್ನು ತನ್ನ ಕೈಗೆ ತೆಗೆದುಕೊಂಡ. ಅವನು ವಿಮೆ ಮಾರುವವನು. ಎದುರಿಗಿದ್ದವನ ಸಾವನ್ನು ಅವನಿಗೇ ನಗುನಗುತ್ತಾ ವಿವರಿಸಬಲ್ಲವನು. ಅಂಥವನಿಗೆ ದೇಶಗಳು ಯಾವ ಲೆಕ್ಕ? ಭಾನುವಾರ ಬಂದರೆ ಊಟದ ಮೇಜಿನ ಸುತ್ತ ಸಭೆ. ಭಾವ, ಭಾವನ ಅಣ್ಣ, ಮತ್ತು ಇಂಗ್ಲಿಷ್ ಮೇಷ್ಟ್ರು ಎಂಬ ಕಾರಣಕ್ಕೆ ನಾನು. ಹೆಣ್ಣಿಗೆ ಗಂಡು ಹುಡುಕುವ ಗಾಂಭೀರ್ಯದಲ್ಲಿ ನಾವು ದೇಶ ಹುಡುಕಿದೆವು.

"ಈ ದ್ವೀಪ ನೋಡಿ, ತೆರಿಗೇನೇ ಇಲ್ಲ."

"ತೆರಿಗೆ ಇಲ್ಲ, ಸರಿ. ಬ್ಯಾಂಕಿನವರು ಅದರ ಹೆಸರು ಕೇಳಿದ್ರೆ ಮೂಗು ಮುರೀತಾರಂತೆ."

"ಹಾಗಾದ್ರೆ ಆ ದೊಡ್ಡ ದೇಶ?"

"ತೆರೆಯೋದು ಸಲೀಸು. ವರ್ಷಕ್ಕೊಂದು ಫಾರ್ಮು ಕಳಿಸೋದು ಮರೆತ್ರೆ ಮನೆ ಮಾರಿ ದಂಡ ಕಟ್ಬೇಕು."

ಉತ್ತರದ ಚಳಿದೇಶವೊಂದಿತ್ತು, ಎಲ್ಲ ಕೆಲಸ ಕಂಪ್ಯೂಟರಿನಲ್ಲೇ. ಭಾವನ ಅಣ್ಣ ಅದನ್ನು ತಳ್ಳಿಹಾಕಿದ. ಕಾರಣ, ಅಲ್ಲಿ ಆರು ತಿಂಗಳು ಕತ್ತಲೆಯಂತೆ. ಯಾರೂ ಅಲ್ಲಿಗೆ ಹೋಗಬೇಕಿಲ್ಲ ಎಂಬುದು ಆ ಕ್ಷಣ ಯಾರಿಗೂ ಹೊಳೆಯಲಿಲ್ಲ, ನನಗೂ. ಕಂಪನಿ ಲಾಭ ಮಾಡಿದ ಮೇಲೆ ಆ ಲಾಭ ಎಲ್ಲಿಡಬೇಕು ಎಂಬ ಬಗ್ಗೆ ಎರಡು ಭಾನುವಾರ ಜಗಳವಾಯಿತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಅನ್ನುತ್ತಾರಲ್ಲ, ಅದೇ. ಭಾನುವಾರ ಕೆಳಗಿನ ಹೊಲಿಗೆ ಅಂಗಡಿಗೆ ರಜೆ; ಒಳಗಿನ ಕೋಣೆಯಲ್ಲಿ ಅಕ್ಕನ ಯಂತ್ರ ಓಡುತ್ತಲೇ ಇರುತ್ತಿತ್ತು. ಸದ್ದು ಜಾಸ್ತಿಯಾದಾಗ ಭಾವ ಎದ್ದು ಹೋಗಿ ಆ ಬಾಗಿಲು ಮುಂದೆ ಮಾಡಿ ಬರುತ್ತಿದ್ದ.

ಎರಡು ತಿಂಗಳು ಕಳೆದ ಮೇಲೆ ಯಾರೋ ಹೇಳಿದರೆಂದು ಲೆಕ್ಕಪರಿಶೋಧಕರ ಹತ್ತಿರ ಹೋದೆವು. ಅವರು ಭಾವನ ದಪ್ಪ ಫೈಲನ್ನು ಬಿಚ್ಚಲೇ ಇಲ್ಲ.

"ಕಂಪನಿ ನಡೆಸೋರು ಎಲ್ಲಿ ಕೂತಿರ್ತಾರೆ?"

"ಇಲ್ಲೇ ಸಾರ್, ಮನೇಲಿ."

"ಹಾಗಾದ್ರೆ ಚಂದ್ರಲೋಕದಲ್ಲಿ ನೋಂದಾಯಿಸಿದ್ರೂ ತೆರಿಗೆ ಇಲ್ಲಿ ಬರತ್ತೆ. ಯಾವುದು ಸಲೀಸೋ ಅದು ಮಾಡ್ಕೊಳ್ಳಿ."

ಎಂಟು ಭಾನುವಾರ ನೀರಿನಲ್ಲಿ ಹೋಮವಾಯಿತು. ಆದರೂ ಭಾವ ಸೋಲೊಪ್ಪುವ ಆಸಾಮಿಯಲ್ಲ. ಹಟ ಹಿಡಿದು ದ್ವೀಪದಲ್ಲೇ ಅರ್ಜಿ ಹಾಕಿದ. ಮಾಲೀಕರು ಎಂಬಲ್ಲಿ ತನ್ನ ಹೆಸರು ಬರೆದ. ಮೋಸವೇನೂ ಅವನ ಮನಸ್ಸಿನಲ್ಲಿರಲಿಲ್ಲ. ಮನೆಯ ಯಾವ ಕಾಗದವನ್ನಾದರೂ ಅವನಿಗೆ ಹಾಗೇ ತುಂಬಿ ಅಭ್ಯಾಸ.

ದ್ವೀಪದ ಅಧಿಕಾರಿ ವಿಡಿಯೋ ಕರೆಯಲ್ಲಿ ಮಾಲೀಕನನ್ನು ನೋಡಬೇಕೆಂದ. ಭಾವ ಕೋಟು ಹಾಕಿಕೊಂಡು ಕೂತ, ಅನುವಾದಕ್ಕೆ ಪಕ್ಕದಲ್ಲಿ ನಾನು. ನಿಮ್ಮ ಒಂದು ನಕ್ಷೆ ತೋರಿಸಿ, ಹೇಗೆ ಮಾಡುತ್ತೀರಿ ಹೇಳಿ, ಎಂದ ಅಧಿಕಾರಿ. ಭಾವ ಒಂದು ಕಂದು ಕಾಗದ ಎತ್ತಿ ಹಿಡಿದು, "ಇದು ಷರಟಿನ ಮುಂಭಾಗ" ಅಂದ. ಕ್ಯಾಮೆರಾಕ್ಕೆ ಕಾಣದಂತೆ ಬಾಗಿಲ ಬಳಿ ನಿಂತಿದ್ದ ಅಕ್ಕನಿಗೆ ತಡೆಯಲಾಗಲಿಲ್ಲ.

"ಅಯ್ಯೋ, ತೋಳು ರೀ ಅದು! ತಲೆಕೆಳಗಾಗಿ ಹಿಡ್ಕೊಂಡಿದೀರಿ!"

ಮಾತಾಡಿದ್ದು ಯಾರು ಎಂದು ಅಧಿಕಾರಿ ಕೇಳಿದ. "ನನ್ನ ಹೆಂಡ್ತಿ. ಕೆಲಸದಲ್ಲಿ ಸ್ವಲ್ಪ ಸಹಾಯ ಮಾಡ್ತಾಳೆ" ಅಂದ ಭಾವ. ಆ ಮಾತನ್ನು ನಾನು ವ್ಯಾಕರಣದ ಒಂದು ತಪ್ಪೂ ಇಲ್ಲದೆ ಅನುವಾದಿಸಿದೆ. ಇವತ್ತಿಗೂ ನೆನೆದರೆ ನಾಚಿಕೆಯಾಗುತ್ತದೆ.

ಮರುದಿನ ಅರ್ಜಿ ತಿರಸ್ಕೃತವಾಯಿತು. ಉಳಿದಿದ್ದು ಹತ್ತೊಂಬತ್ತು ದಿನ. ಭಾವ ಇನ್ನೊಂದು ದ್ವೀಪ ಹುಡುಕತೊಡಗಿದ. ಅಕ್ಕ ಕತ್ತರಿ ಕೆಳಗಿಟ್ಟು ಬಂದು ಪಟ್ಟಿಯನ್ನು ಅವನ ಕೈಯಿಂದ ತೆಗೆದುಕೊಂಡಳು.

"ಇಷ್ಟು ದಿನ ನಿಮ್ಮ ದಾರಿ ಆಯ್ತು. ಈಗ ನನಗೆ ಬಿಡಿ."

ಅವಳು ನನ್ನನ್ನು ಕೂರಿಸಿಕೊಂಡು ಐದು ದೇಶಗಳ ನೋಂದಣಿ ಏಜೆಂಟರಿಗೆ ಫೋನು ಮಾಡಿಸಿದಳು. ಎಲ್ಲರಿಗೂ ಒಂದೇ ಪ್ರಶ್ನೆ: "ಫಾರ್ಮಲ್ಲಿ ನಾನು ತಪ್ಪು ಮಾಡಿದ್ರೆ ನನಗೆ ಹೇಳೋರು ಯಾರು?" ಇಬ್ಬರು ಫೋನೇ ಎತ್ತಲಿಲ್ಲ. ಒಬ್ಬ, ನಿಯಮಗಳು ಜಾಲತಾಣದಲ್ಲಿವೆ ಅಂದ. ಇನ್ನೊಬ್ಬ, ಅದಕ್ಕೆ ಬೇರೆ ಶುಲ್ಕ ಅಂದ. ಚಳಿದೇಶದ ವಯಸ್ಸಾದ ಹೆಂಗಸೊಬ್ಬಳು, "ನಾನೇ ಹೇಳ್ತೀನಿ. ಮೊದಲು ಹಾಗೇ ತುಂಬಿ ಕಳಿಸಿ, ಕೆಂಪು ಪೆನ್ಸಿಲಲ್ಲಿ ಗುರುತು ಮಾಡಿ ವಾಪಸ್ ಕಳಿಸ್ತೀನಿ, ಆಮೇಲೆ ಪಕ್ಕಾ ಮಾಡೋಣ" ಅಂದಳು.

"ಕಚ್ಚಾ ಹೊಲಿಗೆ ಹಾಕಿ ನೋಡೋ ಹೆಂಗಸು" ಎಂದಳು ಅಕ್ಕ. "ಇದೇ ದೇಶ ಸಾಕು."

ಎಂಟು ಭಾನುವಾರದ ಕೆಲಸ ಮುಕ್ಕಾಲು ಗಂಟೆಯಲ್ಲಿ ಮುಗಿಯಿತು.

ಚಳಿದೇಶದ ವಿಡಿಯೋ ಕರೆಯ ದಿನ ಅಕ್ಕ ತೆರೆಯ ಮುಂದೆ ಕೂತಳು, ಅನುವಾದಕ್ಕೆ ಪಕ್ಕದಲ್ಲಿ ನಾನು. ಆ ಹೆಂಗಸು ನಕ್ಷೆ ಕೇಳಿದಾಗ ಅಕ್ಕ ಇಪ್ಪತ್ತು ನಿಮಿಷ ಮಾತಾಡಿದಳು. ಬಿಟ್ಟಿದ್ದರೆ ಅವಳನ್ನೂ ಎಬ್ಬಿಸಿ ನಡೆಸುತ್ತಿದ್ದಳು. ಭಾವ ಹಿಂದೆ ಕುರ್ಚಿ ಹಾಕಿಕೊಂಡು ಕೂತಿದ್ದ. ಕೊನೆಗೆ ಫಾರ್ಮಿನ ಒಂದು ಮಾಮೂಲಿ ಪ್ರಶ್ನೆ ಬಂತು: ನಿಮ್ಮ ಹೆಸರಿನಲ್ಲಿ ಈಗಾಗಲೇ ಏನೇನಿದೆ? ಬೇರೆ ವ್ಯಾಪಾರ, ಕಟ್ಟಡ, ವಾಹನ?

"ಈ ಮನೆ ಇದೆಯಲ್ಲ, ಹೇಳು" ಅಂದ ಭಾವ.

"ಅದು ನಿಮ್ಮ ಹೆಸರಲ್ಲಿದೆ."

"ಕೆಳಗಡೆ ಹೊಲಿಗೆ ಅಂಗಡಿ?"

"ಮಾವನ ಹೆಸರಲ್ಲಿ. ಇನ್ನೂ ಬದಲಾಯಿಸಿಲ್ಲ."

"ಹೋಗ್ಲಿ, ಸ್ಕೂಟರ್ರು? ನಿನ್ನ ದುಡ್ಡಲ್ಲೇ ತಗೊಂಡಿದ್ದು."

ಅಕ್ಕ ತಲೆ ಎತ್ತದೆ ಗದ್ದದಲ್ಲೇ ನನ್ನ ಕಡೆ ತೋರಿಸಿದಳು. "ಇವನ ಹೆಸರಲ್ಲಿ."

ತೆರೆಯಲ್ಲಿ ಆ ಹೆಂಗಸು ಪೆನ್ಸಿಲು ಹಿಡಿದು ಕಾಯುತ್ತಿದ್ದಳು.

"ಇಲ್ಲ ಅಂತ ಹೇಳೋ" ಅಂದಳು ಅಕ್ಕ ನನಗೆ. "ಇದೇ ಮೊದಲು ಅಂತ ಹೇಳು."

ಹದಿನೈದು ವರ್ಷ ಇಂಗ್ಲಿಷ್ ಕಲಿಸಿದ ನನಗೆ ಅಷ್ಟನ್ನು ಹೇಳಲು ಬಾಯಿ ಬರಲಿಲ್ಲ. ಅಕ್ಕನೇ ತೆರೆಯ ಕಡೆ ಬಾಗಿದಳು, ತನಗೆ ಬರುವ ನಾಲ್ಕು ಇಂಗ್ಲಿಷ್ ಮಾತಿನಲ್ಲೇ ಹೇಳಿದಳು. ಆ ಹೆಂಗಸು ಬರೆದುಕೊಂಡಳು.