ಗಾಳಿಯೂ ಕಾಳಿಯೂ

ಒಂದು ಕಿವಿಯಲ್ಲಿ ಹತ್ತಿ ತುಂಬಿಕೊಂಡವನಿಗೆ ಲೋಕವೆಲ್ಲ ಇನ್ನೊಂದು ಕಿವಿಯ ಪಕ್ಕವೇ ಬಂದು ಕೂಗುತ್ತದೆ. ಆದ್ದರಿಂದ, ಓದುಗ ಮಿತ್ರರೇ, ಕಿವಿಯ ಶಸ್ತ್ರಚಿಕಿತ್ಸೆಗೆ ಮೊದಲೇ ಯಾವ ಪಕ್ಕ ಯಾರನ್ನು ಕೂರಿಸಬೇಕೆಂದು ತೀರ್ಮಾನಿಸಿಕೊಳ್ಳಿ ಎಂಬುದು ನನ್ನ ಉಚಿತ ಸಲಹೆ. ಕೊಯಮತ್ತೂರಿನ ಹತ್ತಿರದ ಕರುಮತ್ತಂಪಟ್ಟಿಯ ಮಗ್ಗಗಳ ಗದ್ದಲದಲ್ಲಿ ನೂಲಿನ ದರ ಕೂಗಿ ಕೂಗಿಯೇ ಮೇಲೆ ಬಂದ ನನಗೆ ವೈದ್ಯೆಯಾಗಿ ಸಿಕ್ಕವಳು ಅಕ್ಕನ ಮಗಳು ಭುವನಾ. ತೋಟದ ಬಾವಿಗೆ ಧುಮುಕಿ ಕಲಿತು, ಕೊಯಮತ್ತೂರಿನ ಈಜುಕೊಳದ ಹಲಗೆಯಿಂದ ಧುಮುಕಿ ಪದಕಗಳನ್ನು ತಂದವಳು ಒಮ್ಮೆ ನೀರಿಗೆ ಓರೆಯಾಗಿ ಬಿದ್ದಳು. ಕಿವಿಯ ತಮಟೆ ಹರಿಯಿತು, ಹಲಗೆಯ ನಂಟೂ ಬಿಟ್ಟಿತು. 'ಇನ್ನೆರಡೇ ವರ್ಷ ಧುಮುಕು' ಎಂದು ನಾನು ಚೌಕಾಸಿ ಮಾಡಿದೆ. ಜಗ್ಗಲಿಲ್ಲ, ವೈದ್ಯಶಾಸ್ತ್ರ ಓದಿ ಊರವರ ಕಿವಿ ಹಿಡಿದಳು.

ಈ ಆಡಿ ಮಾಸದಲ್ಲಿ, ಅಂದರೆ ನಿಮ್ಮ ಆಷಾಢದ ಹೊತ್ತಿಗೆ, ಹರಿದಿದ್ದ ನನ್ನ ತಮಟೆಗೂ ತೇಪೆ ಹಾಕಿದಳು. ಮಗ್ಗಗಳ ಗದ್ದಲದಲ್ಲಿ ಒಂದೇ ಕಿವಿಗೆ ಫೋನು ಕೇಳಿಸದ ಕಾರಣ ಆಜ್ಞೆಗಳೆಲ್ಲ ಮೆಸೇಜಿನಲ್ಲಿ. ನಮ್ಮದು ಕನ್ನಡದ ಮಾತು, ತಮಿಳಿನ ಅಕ್ಷರ. ಕನ್ನಡ ಲಿಪಿಯನ್ನು ನಾನು ಕಲಿತದ್ದೇ ಮೈಸೂರಿನ ಗಿರಾಕಿಗಳಿಗಾಗಿ. ತಮಿಳಿನಲ್ಲಿ ಕಕಾರ ಗಕಾರಗಳೆರಡಕ್ಕೂ ಒಂದೇ ಅಕ್ಷರವಾದ್ದರಿಂದ ಯಾವುದೆಂಬುದು ಓದುವವನ ಬುದ್ಧಿಗೆ ಬಿಟ್ಟದ್ದು. ನನ್ನ ಬುದ್ಧಿಯ ಮೇಲೆ ನನಗೆ ಅಪಾರ ವಿಶ್ವಾಸ.

'ಹತ್ತು ದಿನ ಕಾಳಿಗೆ ಹೋಗಬೇಡಿ ಮಾಮಾ' ಎಂದು ಓದಿಕೊಂಡೆ. ಕಾಳಿಯೆಂದರೆ ನಮ್ಮೂರ ಗುಡಿಯ ದೇವಿ; ಆಡಿಯ ವೆಳ್ಳಿ, ಅಂದರೆ ಶುಕ್ರವಾರ, ಅವಳಿಗೆ ವಿಶೇಷ.

'ಆಡಿ ವೆಳ್ಳಿ ಬರ್ತದಲ್ಲ ಕಣ್ಣಮ್ಮಾ, ಶುಕ್ರವಾರ ಒಂದು ಐದು ನಿಮಿಷ?' ಎಂದು ಬರೆದೆ.

'ಐದು ಸೆಕೆಂಡೂ ಬೇಡ. ಕಾಳಿ ಬಂದ್ರೆ ಬಾಗಿಲು ಹಾಕ್ಕೊಳ್ಳಿ. ಆಡಿ ಕಾಳಿ ರೊಂಬ ಮೋಸ, ಬಲು ಕೆಟ್ಟದ್ದು.'

ನಾನು ದಿಗ್ಭ್ರಾಂತನಾದೆ. ಕಾಳಿಯ ಕುಂಕುಮವಿಲ್ಲದೆ ಹಲಗೆ ಹತ್ತದಿದ್ದ ಹುಡುಗಿಯೇ ಇವಳು? ಓದು ಹೆಚ್ಚಾಗಿ ಇವಳಿಗೆ ಭಕ್ತಿ ಕಡಿಮೆಯಾಯಿತೋ? ವೈದ್ಯೆಯನ್ನೂ ದೇವಿಯನ್ನೂ ಏಕಕಾಲಕ್ಕೆ ಸಮಾಧಾನಪಡಿಸುವ ಮಧ್ಯಮಮಾರ್ಗವೊಂದನ್ನು ಹುಡುಕಿದೆ: ಗುಡಿಗೆ ಹೋಗದೆ, ದಿನವೂ ಮಾಳಿಗೆಯ ಮೇಲೆ ನಿಂತು, ಪಾಲಕ್ಕಾಡಿನ ಕಣಿವೆಯಿಂದ ನುಗ್ಗಿಬರುವ ಗಾಳಿಗೆ ಪಂಚೆ ಪಟಪಟಿಸುತ್ತಿರಲು, ಗೋಪುರಕ್ಕೆ ದೂರದಿಂದಲೇ ಅರ್ಧಗಂಟೆ ಕೈಮುಗಿದೆ.

ಎಂಟನೆಯ ದಿನ ಹತ್ತಿ ತೆಗೆಯಲು ಬಂದ ಭುವನಾ ಮಾಳಿಗೆಗೇ ಓಡಿಬಂದಳು. ನನ್ನ ನೆಟ್ಟಗಿನ ಕಿವಿಯ ಪಕ್ಕ ಕಿರುಚಿದಳು.

"ಏನ್ ಮಾಮಾ ಇದು! ಬೇಡ ಅಂತ ಎಷ್ಟು ಸಲ ಬರ್ದೆ!"

"ಕಾಳಿಗೆ ತಾನೇ ಬೇಡ ಅಂದದ್ದು? ನಾ ಎಲ್ಲಿ ಹೋದೆ?"

"ಅಯ್ಯೋ, ಗಾಳಿ ಮಾಮಾ, ಗಾಳಿ! ಕಾತ್ತು, ಕಾತ್ತು! ತೇಪೆ ಕದಲಿದ್ರೆ ಆ ಕಿವಿ ಅಷ್ಟೇ!"

ತಮಿಳಿಗೆ ಅನುವಾದವಾದ ಮೇಲೆಯೇ ನನಗೆ ಕನ್ನಡ ಅರ್ಥವಾದದ್ದು.

ಕೆಳಗೆ ಕೂರಿಸಿ, ಹಣೆಗೆ ದೀಪ ಕಟ್ಟಿಕೊಂಡು, ಹತ್ತಿಯನ್ನು ಎಳೆ ಎಳೆಯಾಗಿ ಬಿಡಿಸತೊಡಗಿದಳು. "ಅಷ್ಟೆತ್ತರದಿಂದ ಧುಮುಕ್ತಿದ್ದವಳು, ಇಷ್ಟು ಗಾಳಿಗೆ ಹೆದರ್ತೀಯಾ?" ಎಂದೆ.

"ಅಲ್ಲೂ ಪ್ರತಿ ಸಲ ಹೆದರಿಕೆನೇ ಮಾಮಾ. ನೀವು ಯಾವತ್ತು ಕೇಳಿದ್ರಿ? ಈಗ ಅಲ್ಲಾಡಬೇಡಿ."

ಪದಕಗಳನ್ನು ಊರೆಲ್ಲ ತೋರಿಸಿಕೊಂಡು ಬಂದವನು ನಾನು. ಆ ಪ್ರಶ್ನೆ ಮಾತ್ರ ಎಂದೂ ಬಾಯಿಗೆ ಬಂದಿರಲಿಲ್ಲ. ಜೀವನದಲ್ಲಿ ಮೊದಲ ಬಾರಿಗೆ ಚೌಕಾಸಿಯಿಲ್ಲದೆ ಅಲ್ಲಾಡದೆ ಕುಳಿತೆ. ಕೊನೆಯ ಎಳೆ ಹೊರಬಂತು. ಹರಿದಿದ್ದ ಆ ಕಿವಿಗೆ ಮೊದಲು ಕೇಳಿಸಿದ್ದು, ಅವಳು ಅಷ್ಟು ಹೊತ್ತೂ ಬಿಗಿಹಿಡಿದಿದ್ದ ಉಸಿರನ್ನು ಬಿಟ್ಟ ಸದ್ದು.