ಗುರಿ ತಪ್ಪದ ಸಂಪಾದಕ

ಅಮೆರಿಕದ ಮೊಂಟಾನದಲ್ಲಿರುವ ನಮ್ಮೂರಿನ ಬೇಟೆ ಪತ್ರಿಕೆಯ ಸಂಪಾದಕ ಆರ್ಲೋ ಟಾಲೆಫ್ಸನ್‌ನ ಕೆಂಪು ಪೆನ್ನಿನಷ್ಟು ಕರಾರುವಾಕ್ಕಾದ ಕೋವಿ ಭೂಮಂಡಲದಲ್ಲೇ ಇಲ್ಲ; ಮೂವತ್ತೊಂದು ವರ್ಷಗಳಿಂದ ಆ ಪತ್ರಿಕೆಯಲ್ಲಿ ಒಂದು ಗುಂಡೂ ಗುರಿ ತಪ್ಪಿಲ್ಲ. ಬರೆಯುವವರು ಪಾಪ, "ಮೊದಲನೇ ಗುಂಡು ಮರಕ್ಕೆ ಬಿತ್ತು, ಎರಡನೆಯದು ಕಾಲಿಗೆ" ಎಂದು ಪ್ರಾಮಾಣಿಕವಾಗಿಯೇ ಬರೆದು ಕಳಿಸುತ್ತಾರೆ. ಆರ್ಲೋ ತಿದ್ದಿದ ಮೇಲೆ ಎಲ್ಕ್ ಜಿಂಕೆ ನಿಂತಲ್ಲೇ, ಒಂದೇ ವಾಕ್ಯದಲ್ಲಿ, ಯಾರಿಗೂ ತೊಂದರೆ ಕೊಡದೆ ಒರಗುತ್ತದೆ. 'ಕೊಂದೆ' ಎಂಬ ಮಾತು ಅವನಿಗೆ ಆಗದು, 'ದೊರಕಿತು' ಎನ್ನಬೇಕು. ಫೋಟೋದಲ್ಲಿ ಪ್ರಾಣಿಯ ನಾಲಗೆ ಬಾಯೊಳಗಿರಬೇಕು, ಮೂತಿಯ ರಕ್ತ ಒರೆಸಿರಬೇಕು. ಬೇಟೆಗಾರ ಮಾತ್ರ ಎಷ್ಟು ಕೊಳಕಾಗಿದ್ದರೂ ನಡೆದೀತು. "ಜನ ತಿಂಡಿ ತಿಂತಾ ಓದ್ತಾರೆ ಕಣಯ್ಯ," ಎಂದು ಪುಟ ಕಟ್ಟುವ ನನ್ನನ್ನು ಗದರುತ್ತಾನೆ. "ಒಂದ್ಸಲ ನೀವೇ ಹೊಡೆದು ತೋರ್ಸಿ, ಯಜಮಾನ್ರೇ," ಎಂದು ನಾನು ಕೆಣಕಿದ್ದೇ ತಪ್ಪಾಯಿತು. ಮುಖಪುಟದ ಲೇಖನ ತಾನೇ ಬರೆಯುವೆನೆಂದು ನವೆಂಬರಿನಲ್ಲಿ ಬೆಟ್ಟ ಹತ್ತಿದವನು, ಪತ್ರಿಕೆ ಅಚ್ಚಿಗೆ ಹೋಗುವ ಬೆಳಿಗ್ಗೆ ಮಂಡಿಯವರೆಗೆ ಒದ್ದೆಯಾಗಿ ಕಚೇರಿಗೆ ಬಂದ. ಗುಂಡು ಎಲ್ಕಿನ ಹಿಂಗಾಲಿಗೆ ತಗುಲಿತ್ತಂತೆ. ಎರಡು ದಿನ ಹಿಮದ ಮೇಲಿನ ರಕ್ತದ ಹನಿಗಳ ಜಾಡು ಹಿಡಿದು ಹೋದರೂ ಪ್ರಾಣಿ ಸಿಕ್ಕಿರಲಿಲ್ಲ. ಎದೆಗೇ ಬಿತ್ತೆಂದು ಬರೆದಿದ್ದರೆ ಕೇಳುವವರಾರು? ಅವನು ಕೂತು ಒಣ ಕಾಲುಚೀಲ ಹಾಕಿಕೊಳ್ಳತೊಡಗಿದ. "ಲೇಖನ ಎಲ್ಲಿ? ನಾಲ್ಕು ಪುಟ ಖಾಲಿ ಇದೆ," ಎಂದೆ. "ಸಾಸೇಜ್ ಮಾಡೋ ವಿಧಾನ ಹಾಕು," ಎಂದು ಆರ್ಲೋ ಎದ್ದ. "ನಾನು ವಾಪಸ್ ಹೋಗ್ಬೇಕು. ಅದಿನ್ನೂ ಕುಂಟ್ತಾ ಓಡಾಡ್ತಿದೆ."