ಸೀಮೆಸುಣ್ಣ ತಿನ್ನುವ ಕೋಳಿ

ನಮ್ಮ ಅಡುಗೆಮನೆಯಲ್ಲಿ ಕೊಬ್ಬರಿ ಎಣ್ಣೆಯ ಬಾಟಲಿಗೂ ಒಂದು ತುಂಡು ಸೀಮೆಸುಣ್ಣಕ್ಕೂ ಎಣ್ಣೆ-ಸೀಗೆಕಾಯಿ ಸಂಬಂಧ. ಒಂದು ಒಲೆಯ ಪಕ್ಕದ ಕಪಾಟಿನಲ್ಲಿದ್ದರೆ ಇನ್ನೊಂದನ್ನು ಕಿಟಕಿಯ ಕೆಳಗಿನ ಖಾನೆಯಲ್ಲಿ ಅಡಗಿಸಿಟ್ಟಿದ್ದೇನೆ. ಅಡುಗೆಮನೆಯಲ್ಲಿ ಸೀಮೆಸುಣ್ಣ ಯಾರಿಗೆ ಎಂದು ನೀವು ಕೇಳಬಹುದು. ಅದು ಕೋಳಿಗೆ. ಸಸ್ಯಾಹಾರಿಗಳ ಮನೆಯಲ್ಲಿ ಕೋಳಿಯೇ ಎಂದು ಹುಬ್ಬೇರಿಸಬೇಡಿ, ಸ್ವಲ್ಪ ತಾಳಿ.

ತೊಂಬತ್ತರ ದಶಕದಲ್ಲಿ, ಇಂಗ್ಲಿಷರ ನಾಡಿನ ಕ್ವೀನ್ಸ್‌ಬರಿಯ ನಮ್ಮ ಪಕ್ಕದ ಮನೆಯಲ್ಲಿ ವಾಲ್ಟರ್ ಎಂಬ ಅಮೆರಿಕದ ವೃದ್ಧರಿದ್ದರು. ಅವರ ತಂದೆ ಕೈಯಾರೆ ಕೆತ್ತಿದ ಒಂದು ಮರದ ಪೆಟ್ಟಿಗೆ ಅವರ ಸರ್ವಸ್ವ. ಅದರ ಸಡಿಲ ಮುಚ್ಚಳವನ್ನು ಪಕ್ಕದ ಹಲಗೆಯ ಅಂಚಿಗೆ ಉಜ್ಜಿದರೆ ಥೇಟ್ ಹೆಣ್ಣು ಟರ್ಕಿ ಕೋಳಿಯ ದನಿ. ಆ ದನಿಗೆ ಮರುಳಾಗಿ ಕಾಡಿನ ಹುಂಜಗಳು ಬೇಟೆಗಾರನ ಮುಂದೆ ಬಂದು ನಿಲ್ಲುತ್ತವಂತೆ. ಗಂಡುಜಾತಿಯ ಬುದ್ಧಿ ಎಲ್ಲೆಡೆಯೂ ಅಷ್ಟೇ. ವಾಲ್ಟರ್ ಬೇಟೆ ಬಿಟ್ಟು ಎಷ್ಟೋ ಕಾಲವಾಗಿತ್ತು. ತಂದೆಯ ನೆನಪಾದಾಗ ಸುಮ್ಮನೆ ಉಜ್ಜಿ ಕೇಳುತ್ತಿದ್ದರು, ಅಷ್ಟೇ.

ಸೊಂಟದ ಶಸ್ತ್ರಚಿಕಿತ್ಸೆಗೆ ಹೊರಟಾಗ, ತಮ್ಮ ಮನೆಯ ತೇವಕ್ಕೆ ಹೆದರಿ ಪೆಟ್ಟಿಗೆಯನ್ನು ನನ್ನ ಕೈಗಿತ್ತರು. ಜೊತೆಗೆ ಬಾಣಂತಿಯ ಪಥ್ಯದಂಥ ಕಟ್ಟುಪಾಡುಗಳು: ಉಜ್ಜುವ ಜಾಗಕ್ಕೆ ಬೆರಳು ತಾಗಿಸಬಾರದು, ಉಪ್ಪುಕಾಗದ ಹಾಕಲೇಬಾರದು, ಮುಚ್ಚಳದ ಅಡಿಗೆ ಆಗಾಗ ಜಿಡ್ಡಿಲ್ಲದ ಸೀಮೆಸುಣ್ಣವನ್ನು ತೆಳ್ಳಗೆ ಸವರಬೇಕು. ಭಾನುವಾರದ ಕನ್ನಡ ತರಗತಿಯಲ್ಲಿ ಮಕ್ಕಳಿಗೆ ಅಕ್ಷರ ತಿದ್ದಿಸುವ ನನ್ನ ಬಳಿ ಸೀಮೆಸುಣ್ಣಕ್ಕೇನು ಬರವೇ? ಒಪ್ಪಿಕೊಂಡೆ.

ಮರೆತದ್ದು ಆಯುಧಪೂಜೆಯನ್ನು. ಆ ದಿನ ನಾನು ಅಂಗಡಿಯಿಂದ ಬರುವಷ್ಟರಲ್ಲಿ ನಮ್ಮ ಜೊತೆಗೇ ಇದ್ದ ಮೈಸೂರಿನ ನಮ್ಮತ್ತೆ ಕತ್ತರಿ, ಈಳಿಗೆಮಣೆ, ಕಸ ಹೀರುವ ಹೂವರ್, ತಮ್ಮ ಡಾಕ್ಟರ್ ಮಗನ ಸ್ಟೆತಸ್ಕೋಪು ಎಲ್ಲವನ್ನೂ ಸಾಲಾಗಿ ಇಟ್ಟು ಕುಂಕುಮ ಹಚ್ಚಿದ್ದರು. ಕೊನೆಯಲ್ಲಿ ಪೆಟ್ಟಿಗೆ ಅಭ್ಯಂಜನ ಮುಗಿಸಿದ ಮದುಮಗನಂತೆ ಮಿರಮಿರನೆ ಹೊಳೆಯುತ್ತಿತ್ತು.

“ಒಂದೇ ಸಮ ಕಿರುಗುಡ್ತಿತ್ತಲ್ಲಮ್ಮ, ಎಣ್ಣೆ ಬಿಟ್ಟೆ. ಈಗ ನೋಡು, ಸದ್ದೇ ಇಲ್ಲ” ಎಂದರು ಅತ್ತೆ, ಹೆಮ್ಮೆಯಿಂದ.

ನಿಜಕ್ಕೂ ಸದ್ದಿರಲಿಲ್ಲ. ಉಜ್ಜಿದರೆ ಮುಚ್ಚಳ ಬೆಣ್ಣೆಯ ಮೇಲೆ ಜಾರಿದಂತೆ ಜಾರಿತು. ಅಪ್ಪ ಕೊಟ್ಟುಹೋದ ದನಿಯನ್ನು ನಂಬಿ ನಮ್ಮ ಕೈಗಿತ್ತವರು ಇನ್ನು ಹತ್ತೇ ದಿನಕ್ಕೆ ಮರಳುವವರಿದ್ದರು.

ವಿಷಯ ತಿಳಿದ ಅತ್ತೆ ಪೆಚ್ಚಾದರು, ಆದರೆ ಕೈಕಟ್ಟಿ ಕೂರುವ ಜೀವವಲ್ಲ ಅದು. ರೇಷ್ಮೆ ಸೀರೆಗೆ ಬಿದ್ದ ಜಿಡ್ಡನ್ನು ಪುಡಿ ಉದುರಿಸಿ ಎಳೆಸಿದವರಿಗೆ ಮರ ಯಾವ ಲೆಕ್ಕ? ನನ್ನ ಸೀಮೆಸುಣ್ಣವನ್ನು ಕುಟ್ಟಿ, ಜರಡಿ ಹಿಡಿದು, ಪೆಟ್ಟಿಗೆಗೆ ಮೆತ್ತಿ, ಮರುದಿನ ಒಣ ಬ್ರಷ್ಷಿನಿಂದ ಝಾಡಿಸಿ ಮತ್ತೆ ಮೆತ್ತಿದರು. ಏಳು ದಿನ ಬರೀ ಉಸ್ಸೆಂದ ಕೋಳಿ ಎಂಟನೆಯ ದಿನ ಕೀಂಯ್ ಎಂದಿತು. ಅತ್ತೆ ಕಣ್ಣೊರೆಸಿಕೊಂಡರು, ಪುಡಿ ಬಿತ್ತೆಂದರು.

ನಾನು ಬಾಯಿ ಮುಚ್ಚಿಕೊಂಡು ಪೆಟ್ಟಿಗೆಯನ್ನು ಹಿಂತಿರುಗಿಸುವ ಯೋಚನೆಯಲ್ಲಿದ್ದೆ. ಅತ್ತೆ ಕೇಳಲಿಲ್ಲ. ವಾಲ್ಟರ್ ಮರಳಿದ ದಿನ ತಾವೇ ಹೊತ್ತು ನಡೆದು, ನಡೆದದ್ದನ್ನೆಲ್ಲ ನನ್ನಿಂದ ಇಂಗ್ಲಿಷಿನಲ್ಲಿ ಹೇಳಿಸಿದರು. ವಾಲ್ಟರ್ ಕಣ್ಣುಮುಚ್ಚಿ ಮೂರು ಸಲ ಉಜ್ಜಿದರು. ಆಮೇಲೆ ಅದನ್ನು ಅತ್ತೆಯ ಕೈಗೇ ಮರಳಿಸಿದರು.

“ದನಿ ಸ್ವಲ್ಪ ಒಡೆದಿದೆ. ಹುಂಜ ಬರುತ್ತೋ ಇಲ್ಲವೋ, ಕರೆದರೆ ನಾನಂತೂ ಬರುತ್ತೇನೆ” ಎಂದರು.

ಆಡಿದಂತೆಯೇ ನಡೆದುಕೊಂಡರು. ಪೆಟ್ಟಿಗೆ ನಮ್ಮಲ್ಲೇ ಉಳಿಯಿತು. ಸಂಜೆ ಕಾಫಿಗೆ ಡಿಕಾಕ್ಷನ್ ಇಳಿದ ಮೇಲೆ ಅತ್ತೆ ಬೇಲಿಯ ಬಳಿ ನಿಂತು ಉಜ್ಜಿದರೆ, ಕೋಲೂರಿಕೊಂಡು ವಾಲ್ಟರ್ ಹಾಜರು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದ ಇಬ್ಬರು ವೃದ್ಧರಿಗೆ ಕೋಳಿಯದೇ ದುಭಾಷಿತನ. ಹೀಗೆ ಆರು ವರ್ಷ.

ಈಗ ವಾಲ್ಟರ್ ಇಲ್ಲ. ಆಯುಧಪೂಜೆಯ ದಿನ ಅತ್ತೆ ಎಣ್ಣೆ ಬಾಟಲಿಯನ್ನು ತಾವೇ ದೂರವಿಟ್ಟು, ಪೆಟ್ಟಿಗೆಯ ತಳಕ್ಕೆ ಮಾತ್ರ ಕುಂಕುಮವಿಡುತ್ತಾರೆ. ನಾನು ಖಾನೆಯಿಂದ ಸೀಮೆಸುಣ್ಣ ತೆಗೆದು ಮುಚ್ಚಳಕ್ಕೆ ಸವರಿ, ಬೇಲಿಯತ್ತ ಒಮ್ಮೆ ಉಜ್ಜುತ್ತೇನೆ. ಒಳಗೆ ಅತ್ತೆ ಕಾಫಿಗೆ ಮೂರನೆಯ ಲೋಟವನ್ನೂ ತೆಗೆದಿಡುತ್ತಾರೆ. ನಾನು ಅದನ್ನು ಎತ್ತಿಡುವುದಿಲ್ಲ.